ಅಪ್ಪನ ಹಳೆ ಲ್ಯಾಪ್‌ಟಾಪಿಗೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಲಾ? ಕನ್ನಡ ಬರೆಯೋಕೆ ಯಾವುದು ಒಳ್ಳೇದು?

ಹಾಸನದ ಮಗಳು:
ಅಪ್ಪ ತಮ್ಮ ನೆನಪುಗಳನ್ನು ಬರೆಯುತ್ತಿದ್ದಾರೆ. ಲ್ಯಾಪ್‌ಟಾಪ್ 2013ರದು, 4 ಜಿಬಿ ರ‍್ಯಾಮ್. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು, 11 ಇದಕ್ಕೆ ಕೂರುವುದಿಲ್ಲ. ಕನ್ನಡ ಟೈಪಿಂಗ್, ಪ್ರಿಂಟು, ಇಷ್ಟೇ ಬೇಕು. ಬಳಸಿದವರು ದಯವಿಟ್ಟು ಅನುಭವ ಹೇಳಿ.

ತಿಪಟೂರು ಡಿಟಿಪಿ:
ಮೊದಲು ನನ್ನ ಕಥೆ ಕೇಳಿ. 2022ರಲ್ಲಿ ಅಂಗಡಿಯ ಒಂದು ಮೆಷಿನ್‌ಗೆ ಲಿನಕ್ಸಿನ ಒಂದು ಬಗೆಯಾದ ಮಿಂಟ್ ಹಾಕಿಸಿದೆ. ಎಸ್‌ಎಸ್‌ಡಿ 1,850 ರೂಪಾಯಿ, ಹಾಕಿಕೊಟ್ಟ ಹುಡುಗನಿಗೆ 500. ವೇಗದ ಬಗ್ಗೆ ಮಾತಿಲ್ಲ. ಆದರೆ ನನ್ನ ಹದಿನಾಲ್ಕು ವರ್ಷದ ಫೈಲುಗಳೆಲ್ಲ ನುಡಿ ತಂತ್ರಾಂಶದ ಆಸ್ಕಿಯಲ್ಲಿವೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟು ಅದು. ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡಿಗೆ ಪರಿವರ್ತಿಸಿದೆ. ನುಡಿ ಆಸ್ಕಿಯಲ್ಲಿ ಅರ್ಕಾವತ್ತು ಅಕ್ಷರ ಆದಮೇಲೆ ಕೂರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ನನ್ನ ಕನ್ವರ್ಟರ್ ಅಲ್ಲೇ ಎಡವಿತು. ಒಂದು ದೇವಸ್ಥಾನದ ಸ್ಮರಣ ಸಂಚಿಕೆ. 'ಧರ್ಮ' ಇದ್ದ ಕಡೆ ಅರ್ಧಕ್ಕರ್ಧ 'ಧಮ' ಆಗಿತ್ತು. 300 ಪ್ರತಿ ವಾಪಸ್ ಬಂತು, 11,400 ರೂಪಾಯಿ ಕೈಯಿಂದ ಹೋಯಿತು. ಲೇಸರ್ ಪ್ರಿಂಟರಿನ ಡ್ರೈವರ್ ಜೊತೆ ಮೂರು ರಾತ್ರಿ ಗುದ್ದಾಡಿದೆ, ಖಾಲಿ ಹಾಳೆ ಬಿಟ್ಟು ಬೇರೇನೂ ಬರಲಿಲ್ಲ. ಈಗ ಮತ್ತೆ ವಿಂಡೋಸ್. ಪುಟ ಕಟ್ಟುವ ತಂತ್ರಾಂಶ ಪೇಜ್‌ಮೇಕರ್ 7 ಇವತ್ತಿಗೂ ನನಗೆ ಅನ್ನ ಹಾಕುತ್ತಿದೆ.

ಸಾಗರದ ಮೇಷ್ಟ್ರು:
ಇದೇ ನೋಡಿ ಸಮಸ್ಯೆ. ನಿಮ್ಮಂಥವರು ಆಸ್ಕಿ ಬಿಡದೆ ಇರೋದಕ್ಕೇ ನಮ್ಮ ಪುಸ್ತಕಗಳು ಹುಡುಕಿದರೆ ಸಿಗುವುದಿಲ್ಲ. ನಾನು ನಿವೃತ್ತನಾದ ಮೇಲೆ ಮಿಂಟಿನ ಹಗುರ ಆವೃತ್ತಿ ಎಕ್ಸ್‌ಎಫ್‌ಸಿಇ ಹಾಕಿಕೊಂಡೆ, ನಾನೇ. ವರ್ಡ್ ಥರದ ಉಚಿತ ತಂತ್ರಾಂಶ ಲಿಬ್ರೆಆಫೀಸ್ ರೈಟರಿನಲ್ಲಿ 212 ಪುಟ ಬರೆದಿದ್ದೇನೆ. ಕೀಲಿಮಣೆ ಬದಲಿಸುವ ಐಬಸ್ ಜೊತೆ ಹಲವು ಭಾಷೆಗಳ ಕೀಲಿಮಣೆ ಇರುವ ಎಂ17ಎನ್ ಹಾಕಿದರೆ ಕನ್ನಡ ಗಣಕ ಪರಿಷತ್ತಿನ ಕೆಜಿಪಿ ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ಕಲಿತ ಬೆರಳು ಹಾಗೇ ಓಡುತ್ತದೆ. ಕಷ್ಟ ಪಟ್ಟಿದ್ದು ಒಂದೇ ಕಡೆ. ಅದರ ಸ್ಟೈಲಿನಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಬೇರೆಬೇರೆ ಫಾಂಟು, ಬೇರೆಬೇರೆ ಸೈಜು ಇರುತ್ತದೆ. ನಾಲ್ಕು ದಿನ ಇಂಗ್ಲಿಷಿನ ಸೈಜನ್ನೇ 14, 16 ಅಂತ ತಿದ್ದುತ್ತಿದ್ದೆ, ಕನ್ನಡ ಅಲ್ಲಾಡಲೇ ಇಲ್ಲ. ಆಪ್ಷನ್ಸ್ ಒಳಗೆ ಭಾಷೆಯ ಪುಟದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಅನ್ನೋ ಕಡೆ ಕನ್ನಡ ಆರಿಸಿದ ಮೇಲೆ ಎಲ್ಲ ಸರಿಹೋಯಿತು.

ತಿಪಟೂರು ಡಿಟಿಪಿ:
ಮೇಷ್ಟ್ರೇ, ನಿಮಗೆ ಪೆನ್ಷನ್ ಬರುತ್ತೆ. ನನಗೆ ನಾಳೆ ಬೆಳಿಗ್ಗೆ ಹತ್ತಕ್ಕೆ ಲಗ್ನಪತ್ರಿಕೆ ಕೊಡಬೇಕು. ಪ್ರೆಸ್ಸಿನವರು ಪೇಜ್‌ಮೇಕರ್ ಫೈಲ್ ಕೇಳುತ್ತಾರೆ, ಯೂನಿಕೋಡ್ ಅದರಲ್ಲಿ ನಡೆಯುವುದಿಲ್ಲ.

ಸಾಗರದ ಮೇಷ್ಟ್ರು:
ಪೆನ್ಷನ್ ಮಾತು ಇಲ್ಲಿ ಯಾಕೆ? ಪುಟ ಕಟ್ಟುವ ಉಚಿತ ತಂತ್ರಾಂಶ ಸ್ಕ್ರೈಬಸ್‌ನಲ್ಲಿ 1.5.3ರಿಂದ ಕನ್ನಡ ಸರಿಯಾಗಿ ಕೂರುತ್ತದೆ. ಪಿಡಿಎಫ್ ಕೊಡಿ, ಯಾವ ಪ್ರೆಸ್ ಬೇಡ ಅನ್ನುತ್ತೆ?

ಧಾರವಾಡದ ಸಂಶೋಧಕಿ:
ನನ್ನ ಥೀಸಿಸ್ ಗೋಳು ಹೇಳುತ್ತೇನೆ. ನಾನು ಬರೆದದ್ದು ಲಿಬ್ರೆಆಫೀಸಿನಲ್ಲಿ, ನೋಟೋ ಫಾಂಟಿನಲ್ಲಿ. ವರ್ಡಿನ ಡಾಕ್ಸ್ ಫೈಲ್ ಮಾಡಿ ಗೈಡಿಗೆ ಕಳಿಸಿದೆ. ಅವರ ವಿಂಡೋಸಿನಲ್ಲಿ ನೋಟೋ ಇರಲಿಲ್ಲ, ಬೇರೆ ಫಾಂಟ್ ಬಂದು ಕೂತಿತು. 246 ಪುಟ ಇದ್ದದ್ದು 264 ಆಯಿತು. ಪರಿವಿಡಿಯ ಪುಟಸಂಖ್ಯೆ ಒಂದೂ ಸೇರಲಿಲ್ಲ. ಅದನ್ನೇ ಪ್ರಿಂಟ್ ತೆಗೆಸಿ ಬೈಂಡ್ ಮಾಡಿಸಿಬಿಟ್ಟಿದ್ದೆ. ಮೂರು ಪ್ರತಿಗೆ ಇನ್ನೊಂದು ಸಲ 2,340 ರೂಪಾಯಿ. ಫೈಲಿನ ಪ್ರಾಪರ್ಟೀಸ್ ಒಳಗೆ ಫಾಂಟನ್ನು ಫೈಲಿನೊಳಗೇ ಸೇರಿಸುವ (ಎಂಬೆಡ್) ಗುರುತು ಇದೆ ಅಂತ ಆಮೇಲೆ ತಿಳಿಯಿತು. ಯಾರಾದರೂ ಮೊದಲೇ ಹೇಳಬೇಕಿತ್ತು, ಅಲ್ವಾ?

ಶಾಲೆಗೆ ಕಂಪ್ಯೂಟರ್:
ಎಲ್ಲರೂ ಮಿಂಟ್ ಮಿಂಟ್ ಅಂತಿದ್ದೀರಿ. ನಾವು ಹಳ್ಳಿ ಶಾಲೆಗೆ ಒಂಬತ್ತು ಹಳೆ ಮೆಷಿನ್ ಕೊಟ್ಟೆವು, 2 ಜಿಬಿ ರ‍್ಯಾಮ್, ನಾಲ್ಕು ಅದರಲ್ಲಿ ಹಳೆ ಥರದ 32 ಬಿಟ್ ಪ್ರೊಸೆಸರಿನವು. ಹಗುರ ಲಿನಕ್ಸ್ ಆದ ಲುಬುಂಟು 19.04ರಿಂದ 32 ಬಿಟ್ ಕೈಬಿಟ್ಟಿತು. ಅದಕ್ಕೇ ಇನ್ನೊಂದು ಲಿನಕ್ಸ್, ಡೆಬಿಯನ್ 12 ಹಾಕಿದೆವು. 2025ರ ಆಗಸ್ಟಿನಲ್ಲಿ 13 ಬಂತು, ಅದರಲ್ಲಿ 32 ಬಿಟ್ ಇನ್‌ಸ್ಟಾಲರೇ ಇಲ್ಲ. ನಾಲ್ಕು ಭಾನುವಾರ, ಬಸ್ ಚಾರ್ಜೇ 1,280 ಆಯಿತು. ಕೆಜಿಪಿ ಬಿಡಿ ಮೇಷ್ಟ್ರೇ, ಮಕ್ಕಳಿಗೆ ಭಾರತೀಯ ಭಾಷೆಗಳಿಗೆಲ್ಲ ಒಂದೇ ಕ್ರಮದ ಕೀಲಿಮಣೆಯಾದ ಇನ್‌ಸ್ಕ್ರಿಪ್ಟ್ ಕಲಿಸಿ. ಹಿಂದಿಗೂ ಅದೇ ಬೆರಳು ಸಾಕು.

ಸಾಗರದ ಮೇಷ್ಟ್ರು:
ಹಿಂದಿಗೆ ಅನುಕೂಲ ಅಂತ ಕನ್ನಡದ ಮಕ್ಕಳ ಬೆರಳು ತಿರುಚಬೇಕಾ? ಕೆಜಿಪಿ ನಮ್ಮವರು ಮಾಡಿದ್ದು, ಇಂಗ್ಲಿಷ್ ಅಕ್ಷರದ ಕೀಲಿಗಳಲ್ಲೇ ಇಡೀ ಭಾಷೆ ಬರುತ್ತದೆ.

ಶಾಲೆಗೆ ಕಂಪ್ಯೂಟರ್:
ನಾನು ಹಾಗೆ ಹೇಳಲೇ ಇಲ್ಲ. ಪೂರ್ತಿ ಓದಿ ಆಮೇಲೆ ಮಾತಾಡಿ.

ಧಾರವಾಡದ ಸಂಶೋಧಕಿ:
ಕೀಲಿಮಣೆ ಯಾವುದಾದರೂ ಇರಲಿ, ಅನುಸ್ವಾರದ ಜಾಗಕ್ಕೆ ಅಂಕಿಯ ಸೊನ್ನೆ ಒತ್ತಬೇಡಿ! ನೋಡೋಕೆ ಒಂದೇ ಥರ ಕಾಣುತ್ತೆ, ಹುಡುಕಿದರೆ ಸಿಗಲ್ಲ. ನನ್ನ ಒಂದು ಅಧ್ಯಾಯದಲ್ಲೇ 600ಕ್ಕಿಂತ ಜಾಸ್ತಿ ತಿದ್ದಿದ್ದೇನೆ.

ಹಾಸನದ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಈಗ ಅಪ್ಪನ ಫೋಲ್ಡರ್ ತೆಗೆದು ನೋಡಿದೆ. 2006ರಿಂದ ಬರೆದ ಫೈಲುಗಳ ಹೆಸರಿನ ಕೊನೆಯಲ್ಲಿ ಬಿಆರ್‌ಎಚ್ ಅಂತಿದೆ. 41 ಫೈಲ್. ನಾಳೆ ಹುಡುಗ ಬಂದು ಫಾರ್ಮ್ಯಾಟ್ ಮಾಡುತ್ತಾನೆ.

ತಿಪಟೂರು ಡಿಟಿಪಿ:
ತಂಗಿ, ಆ ಹುಡುಗನಿಗೆ ಈಗಲೇ ಫೋನ್ ಮಾಡಿ ಬೇಡ ಅನ್ನಿ, ಫಾರ್ಮ್ಯಾಟ್ ಮಾಡಿದರೆ ಎಲ್ಲ ಅಳಿಸಿಹೋಗುತ್ತೆ. ಅವು 'ಬರಹ' ಅನ್ನೋ ಕನ್ನಡ ತಂತ್ರಾಂಶದ ಫೈಲುಗಳು. ವಿಂಡೋಸ್ ಇರುವಾಗಲೇ ಬರಹದಲ್ಲಿ ಒಂದೊಂದೂ ತೆಗೆದು ಯೂನಿಕೋಡಿಗೆ ಕಳಿಸಿ, ಪೆನ್‌ಡ್ರೈವಿಗೆ ಹಾಕಿ, ಬೇರೆ ಕಂಪ್ಯೂಟರಿನಲ್ಲಿ ತೆರೆದು ಓದಿ ನೋಡಿ. ಅರ್ಕಾವತ್ತು ನೋಡೋದು ಮರೀಬೇಡಿ.

ಸಾಗರದ ಮೇಷ್ಟ್ರು:
ಇವರು ಹೇಳಿದ್ದು ಸರಿ. ಅಪ್ಪನನ್ನೇ ಪಕ್ಕ ಕೂರಿಸಿಕೊಂಡು ಓದಿಸಮ್ಮ.