ಎರಡನೇ ತರಗತಿಯಲ್ಲಿ ದಿನವೂ ಹೊಡೆದಾಟ, ಉಪಾಯವಿದೆಯೇ?

ಶಹಾಪುರದ ಶಿಕ್ಷಕಿ: ಬಿಸಿಯೂಟದ ಸಾಲಿನಲ್ಲಿ ಒಬ್ಬ ಹುಡುಗ ಮುಂದಿದ್ದವನ ಬೆನ್ನಿಗೆ ತಟ್ಟೆಯಿಂದ ಬಡಿಯುತ್ತಾನೆ, ಬಿಡಿಸಲು ಹೋದರೆ ಕೈ ಕಚ್ಚುತ್ತಾನೆ. ಅಪ್ಪ ಅಮ್ಮ ದುಡಿಯಲು ಪುಣೆಗೆ ಹೋಗಿದ್ದಾರೆ. ‘ನಾಲ್ಕು ಬಿಗಿಯಿರಿ ಟೀಚರ್’ ಎನ್ನುತ್ತಾರೆ ಅಜ್ಜಿ. ಅದು ನನ್ನಿಂದಾಗದು. ಊರವರನ್ನೂ ಸೇರಿಸಿಕೊಂಡು ಏನು ಮಾಡಬಹುದು?

ಬೀದರಿನ ನಿವೃತ್ತ ಮುಖ್ಯ ಶಿಕ್ಷಕ: ಹೊಡೆಯಲೇಬೇಡಿ ತಾಯಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ಅದನ್ನು ನಿಷೇಧಿಸಿದೆ. ಅಮೆರಿಕದಲ್ಲಿ 1969ರಿಂದ ಬಳಕೆಯಲ್ಲಿರುವ ‘ಒಳ್ಳೆಯ ನಡತೆಯ ಆಟ’ ಆಡಿಸಿ ನೋಡಿ. ತರಗತಿಯನ್ನು ತಂಡಗಳಾಗಿ ಮಾಡಿ. ಯಾರಾದರೂ ನಿಯಮ ಮುರಿದರೆ ಅವರ ತಂಡಕ್ಕೆ ಹಲಗೆಯ ಮೇಲೆ ಒಂದು ಗೀಟು. ಗೀಟುಗಳು ಮಿತಿಯೊಳಗಿದ್ದರೆ ಎಲ್ಲ ತಂಡಗಳೂ ಗೆಲ್ಲಬಹುದು. ಮೊದಲಿಗೆ ಹತ್ತೇ ನಿಮಿಷ ಸಾಕು. ಅಲ್ಲಿನ ಬಾಲ್ಟಿಮೋರ್ ನಗರದ ಒಂದನೇ ತರಗತಿಗಳಲ್ಲಿ 1985ರಿಂದ ಇದನ್ನು ಪರೀಕ್ಷಿಸಿದಾಗ, ಮೊದಲೇ ಜಗಳಗಂಟರಾಗಿದ್ದ ಹುಡುಗರಿಗೇ ಹೆಚ್ಚು ಪ್ರಯೋಜನವಾಯಿತು. ಪುಂಡರನ್ನೆಲ್ಲ ಒಂದೇ ತಂಡಕ್ಕೆ ತುಂಬಬೇಡಿ, ಅಷ್ಟೇ.

ಶಹಾಪುರದ ಶಿಕ್ಷಕಿ: ಅವನಿಂದ ಸೋತೆವೆಂದು ತಂಡದವರೇ ಅವನ ಮೇಲೆ ಬಿದ್ದರೆ ಸರ್?

ಬೀದರಿನ ನಿವೃತ್ತ ಮುಖ್ಯ ಶಿಕ್ಷಕ: ಕೆಲವು ದಿನ ಅವನೊಬ್ಬನದೇ ತಂಡವಾಗಲಿ. ಗೆದ್ದರೆ ಚಪ್ಪಾಳೆ ಮಾತ್ರ ತಪ್ಪಿಸಬೇಡಿ.

ಆಳಂದದ ತಾಯಿ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯೆ: ಆಟ ಸರಿ, ಆದರೆ ಊಟದ ಸಾಲಿನಲ್ಲಿ ನಿಲ್ಲುವವರು ಅಡುಗೆಯ ಅಕ್ಕಂದಿರು. ಅವರಿಗೂ ನಿಯಮ ತಿಳಿಸಿ. ಅಜ್ಜಿಯನ್ನು ಎಸ್‌ಡಿಎಂಸಿ ಸಭೆಗೆ ಕರೆಯಿರಿ. ದೂರು ಹೇಳಲು ಅಲ್ಲ, ಹುಡುಗ ಗೆದ್ದ ದಿನ.