ಉಪ್ಪುನೀರಿನಲ್ಲಿ ಭತ್ತದ ಸಸಿ: ನೈಟ್ರೇಟ್ ರಿಡಕ್ಟೇಸ್ ಕುಗ್ಗುವುದೇಕೆ?

ಪ್ರಶ್ನೆ – ಸಸ್ಯಶಾಸ್ತ್ರ ವಿದ್ಯಾರ್ಥಿನಿ

ನೈಟ್ರೇಟ್ ಬೆರೆಸಿದ ಪೋಷಕ ದ್ರಾವಣದಲ್ಲಿ ಬೆಳೆಸಿದ ಹತ್ತು ದಿನದ ಭತ್ತದ ಸಸಿಗಳಿಗೆ 100 ಮಿಲಿಮೋಲಾರ್, ಅಂದರೆ ಲೀಟರಿಗೆ ಸುಮಾರು 5.8 ಗ್ರಾಂ, ಸೋಡಿಯಂ ಕ್ಲೋರೈಡ್ ಕೊಟ್ಟಿದ್ದೆ. ಮೂರನೆಯ ದಿನ ಎಲೆಯ ನೈಟ್ರೇಟ್ ರಿಡಕ್ಟೇಸ್ (ನೈಟ್ರೇಟನ್ನು ನೈಟ್ರೈಟಾಗಿಸುವ ಕಿಣ್ವ) ಚಟುವಟಿಕೆ ಅರ್ಧಕ್ಕಿಂತ ಕೆಳಗಿಳಿದಿತ್ತು, ಗ್ಲುಟಮೇಟ್ ಡಿಹೈಡ್ರೋಜಿನೇಸ್ (ಅಮೋನಿಯಂನಿಂದ ಗ್ಲುಟಮೇಟ್ ಎಂಬ ಅಮೈನೋ ಆಮ್ಲವನ್ನು ಕಟ್ಟಬಲ್ಲ, ಅದನ್ನು ಒಡೆಯಲೂ ಬಲ್ಲ ಕಿಣ್ವ) ಏರಿತ್ತು. ಸೋಡಿಯಂ ಮೊದಲನೆಯ ಕಿಣ್ವವನ್ನು ನೇರವಾಗಿ ಕೆಡಿಸುತ್ತದೆ ಎಂದು ಪ್ರಬಂಧದಲ್ಲಿ ಬರೆಯಬಹುದೇ?

ಉತ್ತರ 1 – ಬೇರು

ಅಷ್ಟು ಬೇಗ ಬರೆಯಬೇಡಿ. ಈ ಕಿಣ್ವ ತಯಾರಾಗುವುದೇ ನೈಟ್ರೇಟಿನ ಪ್ರೇರಣೆಯಿಂದ, ಮತ್ತು ಅದರ ಆಯುಷ್ಯ ಕೆಲವೇ ಗಂಟೆಗಳದ್ದು. ಆದ್ದರಿಂದ ಬೇರಿನಿಂದ ಎಲೆಗೆ ಬರುವ ನೈಟ್ರೇಟಿನ ಹರಿವು ತಗ್ಗಿದರೆ ಕಿಣ್ವವೂ ಬೇಗನೆ ತಗ್ಗುತ್ತದೆ. ಕ್ಲೋರೈಡ್ ಅಯಾನು ಬೇರಿನಲ್ಲಿ ನೈಟ್ರೇಟಿನೊಡನೆ ಪೈಪೋಟಿಗಿಳಿಯುತ್ತದೆ. ಬಾಷ್ಪವಿಸರ್ಜನೆ ಕುಗ್ಗಿದಾಗ ಮೇಲಕ್ಕೆ ಸಾಗುವ ನೀರೂ ಕಡಿಮೆ. ಎಲೆಯ ನೈಟ್ರೇಟನ್ನು ಅಳೆದಿದ್ದೀರಾ? ಅದನ್ನು ಅಳೆಯದೆ ಸೋಡಿಯಂನ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ. ಅಷ್ಟೇ ಪ್ರಮಾಣದ ಸೋಡಿಯಂ ಇದ್ದು ಕ್ಲೋರೈಡ್ ಇಲ್ಲದಂತೆ ಸೋಡಿಯಂ ಸಲ್ಫೇಟ್ ಕೊಟ್ಟ ಒಂದು ಗುಂಪನ್ನೂ, ಉಪ್ಪಿಲ್ಲದೆ ನೀರಿನ ಕೊರತೆಯನ್ನಷ್ಟೇ ತರುವಂತೆ ಸಮಾನ ಆಸ್ಮಾಟಿಕ್ ಒತ್ತಡದ ಮ್ಯಾನಿಟಾಲ್ (ಸಕ್ಕರೆಯಂಥ ಪದಾರ್ಥ) ಗುಂಪನ್ನೂ ಪಕ್ಕದಲ್ಲಿರಿಸಿ ನೋಡಿ. ಹಗಲಿನ ಯಾವ ಹೊತ್ತಿನಲ್ಲಿ ಎಲೆ ಕಿತ್ತಿರಿ ಎಂಬುದೂ ಮುಖ್ಯ, ಏಕೆಂದರೆ ಬೆಳಕು ಬಿದ್ದಂತೆ ಏರಿ ಕತ್ತಲಲ್ಲಿ ಇಳಿಯುವುದು ಈ ಕಿಣ್ವದ ಸ್ವಭಾವ.

ಉತ್ತರ 2 – ಹಳೆಯ ಪ್ರಯೋಗಾಲಯದವ

ಎರಡನೆಯ ಕಿಣ್ವದ, ಅಂದರೆ ಗ್ಲುಟಮೇಟ್ ಡಿಹೈಡ್ರೋಜಿನೇಸಿನ, ಏರಿಕೆಯನ್ನು ಅಮೋನಿಯಂ ಜೀರ್ಣಿಸುವ ಬದಲಿ ದಾರಿ ಎಂದು ಅನೇಕರು ವಿವರಿಸುತ್ತಾರೆ, ನನಗದು ಒಪ್ಪಿಗೆಯಿಲ್ಲ. ಅಮೋನಿಯಂ ಬಗ್ಗೆ ಅದರ ಆಕರ್ಷಣೆ ಬಹಳ ಕಡಿಮೆ, ಅಮೋನಿಯಂ ಸೇರಿಸಿ ಗ್ಲುಟಮೈನ್ ಕಟ್ಟುವ ಕಿಣ್ವವಾದ ಗ್ಲುಟಮೈನ್ ಸಿಂಥೆಟೇಸಿನದು ಬಹಳ ಹೆಚ್ಚು. ಪ್ರೋಟೀನುಗಳು ಒಡೆದು ಗ್ಲುಟಮೇಟ್ ಹೆಚ್ಚಿದಾಗ ಅದರ ಇಂಗಾಲದ ಅಸ್ಥಿಪಂಜರವನ್ನು ಉಸಿರಾಟಕ್ಕೆ ಮರಳಿಸುವುದೇ ಈ ಕಿಣ್ವದ ನಿಜವಾದ ಕೆಲಸವಿರಬಹುದು. ಅದೇ ಗ್ಲುಟಮೇಟಿನಿಂದ ಪ್ರೋಲೀನ್ (ಉಪ್ಪಿನ ಒತ್ತಡದಲ್ಲಿ ಸಸ್ಯದಲ್ಲಿ ಶೇಖರವಾಗುವ ಅಮೈನೋ ಆಮ್ಲ) ಕೂಡ ತಯಾರಾಗುವುದರಿಂದ ಪ್ರೋಲೀನನ್ನೂ ಅಳೆಯಿರಿ. ಇನ್ನೊಂದು ಮಾತು: ನೀರು ಕಳೆದುಕೊಂಡ ಎಲೆಯ ಹಸಿ ತೂಕಕ್ಕೆ ಲೆಕ್ಕ ಹಾಕಿದರೆ ಅಂಕಿಗಳು ಉಬ್ಬುತ್ತವೆ.

ಪ್ರಶ್ನೆ ಕೇಳಿದವರು

ಹಸಿ ತೂಕಕ್ಕೇ ಲೆಕ್ಕ ಹಾಕಿದ್ದೆ. ಒಣ ತೂಕಕ್ಕೂ ಪ್ರೋಟೀನಿಗೂ ಮತ್ತೆ ಹಾಕುತ್ತೇನೆ. ನೈಟ್ರೇಟ್ ಅಳೆದಿರಲಿಲ್ಲ.

ಉತ್ತರ 3 – ಗಜನಿ

ಕುಮಟಾದ ಬಳಿ ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ (ಭರತದ ಉಪ್ಪುನೀರು ನುಗ್ಗುವ ತಗ್ಗು ಗದ್ದೆಗಳು) ಬೆಳೆಯುವ ಕಗ್ಗ ಭತ್ತವನ್ನೂ ಹೋಲಿಕೆಗೆ ಸೇರಿಸಿ. ಉಪ್ಪುನೀರಿಗೆ ಅದು ಅಂಜುವುದಿಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಭತ್ತಕ್ಕೆ ಸಾರಜನಕ ಹೆಚ್ಚಾಗಿ ಸಿಗುವುದು ಅಮೋನಿಯಂ ರೂಪದಲ್ಲಿ. ನೈಟ್ರೇಟ್ ದ್ರಾವಣದ ಫಲಿತಾಂಶವನ್ನು ಗದ್ದೆಗೆ ಅನ್ವಯಿಸುವ ಮೊದಲು ಅಮೋನಿಯಂ ದ್ರಾವಣದಲ್ಲೂ ಒಂದು ಸುತ್ತು ಬೆಳೆಸಿ, ಬೇರಿನ ಗ್ಲುಟಮೈನ್ ಸಿಂಥೆಟೇಸನ್ನು ನೋಡುವುದು ಒಳ್ಳೆಯದು.