ಪನಾಮಾದ ಹಡಗೋ, ಪನಾಮಾ ಬಾವುಟದ ಹಡಗೋ?

ಗೆಳೆಯರೆ,

ಹಡಗು ಸಾಗಣೆಯ ಬಗೆಗಿನ ಬರಹವೊಂದನ್ನು ಕನ್ನಡಕ್ಕೆ ತರುತ್ತಾ ‘ಫ್ಲ್ಯಾಗ್ ಆಫ್ ಕನ್ವೀನಿಯನ್ಸ್’ ಎಂಬಲ್ಲಿ ತಡವರಿಸಿದ್ದೇನೆ. ಹಡಗಿನ ಒಡೆಯ ಒಂದು ದೇಶದವನು, ನೋಂದಣಿ ಇನ್ನೊಂದು ದೇಶದ್ದು, ಹಾರುವ ಬಾವುಟವೂ ಆ ಇನ್ನೊಂದು ದೇಶದ್ದೇ. ತೆರಿಗೆ ಕಡಿಮೆ, ಸಿಬ್ಬಂದಿಯ ನಿಯಮಗಳು ಸಡಿಲ ಎಂಬುದು ಕಾರಣ.

‘ಅನುಕೂಲ ಧ್ವಜ’ ಎನ್ನಲು ಮನಸ್ಸು ಒಪ್ಪುತ್ತಿಲ್ಲ. ನಮ್ಮಲ್ಲಿ ಅನುಕೂಲ ಒಳ್ಳೆಯ ಮಾತು. ಅನುಕೂಲವಾಯಿತು ಎಂದರೆ ಒಳಿತಾಯಿತು ಎಂದೇ. ಮೂಲದ ಮಾತಿನಲ್ಲಾದರೋ ಆಕ್ಷೇಪವಿದೆ. ಅಂತರರಾಷ್ಟ್ರೀಯ ಸಾರಿಗೆ ಕಾರ್ಮಿಕರ ಒಕ್ಕೂಟ 1948ರಿಂದ ಈ ಪದ್ಧತಿಯ ವಿರುದ್ಧ ಹೋರಾಡುತ್ತಿದೆ. ನಾವಿಕರ ಆ ನೋವು ಕನ್ನಡದ ಪದದಲ್ಲೂ ಉಳಿಯಬೇಕು. ‘ಎರವಲು ಬಾವುಟ’ ಕಿವಿಗೆ ಹಿತ, ಆದರೆ ಎರವಲಿಗೆ ಯಾರೂ ಹಣ ಕೊಡುವುದಿಲ್ಲ. ಇಲ್ಲಿ ಶುಲ್ಕ ಕಟ್ಟಿಯೇ ಬಾವುಟ ಪಡೆಯುತ್ತಾರೆ. ‘ಬಾಡಿಗೆ ಬಾವುಟ’ ಇನ್ನೂ ಹತ್ತಿರ. ಹಡಗನ್ನೇ ಬಾಡಿಗೆಗೆ ಕೊಡುವ ವ್ಯವಹಾರವೂ ಇರುವುದರಿಂದ ಓದುಗ ಒಂದಕ್ಕೆ ಇನ್ನೊಂದು ತಿಳಿದಾನು ಎಂಬ ಅಳುಕಷ್ಟೇ.

ಇದಕ್ಕಿಂತ ನನ್ನನ್ನು ಕಾಡುವುದು ನಮ್ಮ ಷಷ್ಠೀ ವಿಭಕ್ತಿ. 2021ರಲ್ಲಿ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ ನೆನಪಿರಬಹುದು. ಒಡೆತನ ಜಪಾನಿನ ಕಂಪನಿಯದು, ಓಡಿಸುತ್ತಿದ್ದದ್ದು ತೈವಾನಿನ ಕಂಪನಿ, ತಾಂತ್ರಿಕ ನಿರ್ವಹಣೆ ಜರ್ಮನಿ ಮೂಲದ ಸಂಸ್ಥೆಯದು, ಸಿಬ್ಬಂದಿ ಭಾರತೀಯರು, ನೋಂದಣಿ ಪನಾಮಾದಲ್ಲಿ. ಅದನ್ನು ‘ಪನಾಮಾದ ಹಡಗು’ ಎಂದುಬಿಟ್ಟರೆ ಒಡೆತನವೂ ಪನಾಮಾದ ಪಾಲಾಗುತ್ತದೆ, ನಿಜವಾದ ಒಡೆಯ ಮರೆಯಾಗುತ್ತಾನೆ. ‘ಪನಾಮಾ ಬಾವುಟದ ಹಡಗು’ ಎಂದರೆ ಒಂದೇ ಪದ ಹೆಚ್ಚು, ಅರ್ಥ ನೇರವಾಗುತ್ತದೆ. ಸುದ್ದಿ ಬರೆಯುವವರು ಇಷ್ಟನ್ನಾದರೂ ಪಾಲಿಸಲಿ ಎಂಬುದು ನನ್ನ ಕಳಕಳಿ.

ವಿಮಾನಕ್ಕೆ ಬಂದರೆ ಬಾವುಟವೂ ಕೈಕೊಡುತ್ತದೆ. 1944ರ ಶಿಕಾಗೊ ಒಪ್ಪಂದದ ಪ್ರಕಾರ ವಿಮಾನ ಎಲ್ಲಿ ನೋಂದಣಿಯಾಗಿದೆಯೋ ಅದೇ ಅದರ ರಾಷ್ಟ್ರೀಯತೆ, ಅದೂ ಏಕಕಾಲಕ್ಕೆ ಒಂದೇ ದೇಶದಲ್ಲಿ. ಅದನ್ನು ಸಾರುವುದು ಮೈಮೇಲೆ ಬರೆದ ಅಕ್ಷರಗಳು. ಭಾರತದ್ದಕ್ಕೆ ‘ವಿಟಿ’ ಇದ್ದ ಹಾಗೆ. ರಷ್ಯಾದ ಕಂಪನಿಗಳು ಹಾರಿಸುತ್ತಿದ್ದ ನೂರಾರು ವಿಮಾನಗಳು ಬರ್ಮುಡಾದಲ್ಲಿ ನೋಂದಣಿಯಾಗಿದ್ದವು. 2022ರ ಮಾರ್ಚಿನಲ್ಲಿ ಬರ್ಮುಡಾ ಅವುಗಳ ಹಾರಾಟ ಯೋಗ್ಯತೆಯ ಪ್ರಮಾಣಪತ್ರಗಳನ್ನು ಅಮಾನತಿನಲ್ಲಿಟ್ಟಿತು. ಅವನ್ನು ‘ಬರ್ಮುಡಾ ಬಾವುಟದ ವಿಮಾನ’ ಎನ್ನಲಾದೀತೇ?

ಹಾಗಾಗಿ ಹಡಗು, ವಿಮಾನ ಎರಡಕ್ಕೂ ಹೊಂದುವಂತೆ, ಹೊರನಾಡು, ಹೊರದೇಶಗಳ ಜಾಡಿನಲ್ಲಿ ‘ಹೊರನೋಂದಣಿ’ ಎಂದು ಬಳಸಬೇಕೆಂದಿದ್ದೇನೆ. ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಆಕ್ಷೇಪದ ದನಿ ಬೇಕಾದಲ್ಲಿ ಮಾತ್ರ ‘ಬಾಡಿಗೆ ಬಾವುಟ’.

ಹಡಗಿನಲ್ಲೋ ಬಂದರಿನಲ್ಲೋ ದುಡಿದವರು ಇಲ್ಲಿದ್ದರೆ ಕೇಳುತ್ತೇನೆ: ನಿಮ್ಮ ನಡುವೆ ಇದಕ್ಕೆ ಬಳಕೆಯ ಮಾತು ಏನಾದರೂ ಇದೆಯೇ? ಇದ್ದರೆ ನಾನು ಕಟ್ಟಿದ ಪದವನ್ನು ಬಿಟ್ಟು ಅದನ್ನೇ ಬರೆಯುತ್ತೇನೆ.